ಹಲ್ಲುಜ್ಜುವ ಹತ್ತು ನಿಮಿಷ ಶಾಲೆಯ ವೇಳಾಪಟ್ಟಿಯಲ್ಲೇ ಇರಲಿ

ಪ್ರಶ್ನೆ: ನಮ್ಮ ಶಾಲೆಯಲ್ಲಿ 5ರಿಂದ 13 ವರ್ಷದ ಸುಮಾರು 200 ಮಕ್ಕಳಿದ್ದಾರೆ. ಹೆಚ್ಚಿನವರ ತಂದೆತಾಯಿ ದಿನಗೂಲಿಗೆ ಹೋಗುವವರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಬಾಯಲ್ಲಿ ಹುಳುಕು ಹಲ್ಲು ಕಾಣುತ್ತದೆ. ಹಲ್ಲುನೋವೆಂದು ವಾರಕ್ಕೊಬ್ಬರಾದರೂ ಅಳುತ್ತಾ ಬರುತ್ತಾರೆ. ಒಮ್ಮೆ ತಪಾಸಣಾ ಶಿಬಿರ ನಡೆಸಿ, ಭಾಷಣ ಮಾಡಿಸಿ, ಎಲ್ಲರಿಗೂ ಬ್ರಷ್ ಹಂಚಿದೆವು. ಎರಡು ವರ್ಷವಾದರೂ ಏನೂ ಬದಲಾಗಿಲ್ಲ. ಕೈಯಲ್ಲಿರುವುದು ಸ್ವಲ್ಪವೇ ಹಣ, ದಂತವೈದ್ಯರು ಹತ್ತಿರದಲ್ಲಿಲ್ಲ. ಶಾಲೆಯೇ ಮಾಡಬಹುದಾದದ್ದು ಏನಾದರೂ ಇದೆಯೇ? — ಒಬ್ಬ ಮುಖ್ಯೋಪಾಧ್ಯಾಯಿನಿ

ಉತ್ತರ: ಇದೆ. ಅದರಲ್ಲಿ ಬಹುಪಾಲು ಕೆಲಸಕ್ಕೆ ದಂತವೈದ್ಯರೂ ಬೇಕಿಲ್ಲ, ಕುರ್ಚಿಯೂ ಬೇಕಿಲ್ಲ. ನೀವು ನಡೆಸಿದ ಶಿಬಿರ ಫಲ ಕೊಡದಿದ್ದದ್ದಕ್ಕೆ ನಿಮ್ಮನ್ನು ದೂರಬೇಕಾಗಿಲ್ಲ. ಯಾವ ಹಲ್ಲು ಹಾಳಾಗಿದೆ ಎಂದು ಶಿಬಿರ ತಿಳಿಸುತ್ತದೆ, ಅಷ್ಟೆ. ಮುಂದಿನ ಹಲ್ಲು ಹಾಳಾಗುವುದನ್ನು ತಡೆಯುವುದಿಲ್ಲ. ಭಾಷಣ ಕೇಳಿದ ಮಗುವಿಗೆ ತಿಳಿವಳಿಕೆ ಹೆಚ್ಚುತ್ತದೆ, ಪ್ರಶ್ನೆ ಕೇಳಿದರೆ ಸರಿಯಾದ ಉತ್ತರವನ್ನೂ ಕೊಡುತ್ತದೆ. ಆದರೆ ಹಲ್ಲು ಗಟ್ಟಿಯಾಗುವುದು ತಿಳಿವಳಿಕೆಯಿಂದಲ್ಲ, ದಿನವೂ ಹಲ್ಲಿಗೆ ತಾಗುವ ಫ್ಲೋರೈಡ್ ಎಂಬ ಖನಿಜಾಂಶದಿಂದ. ಒಂದೇ ಒಂದು ಕೆಲಸ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ: ಶಾಲೆ ನಡೆಯುವ ಪ್ರತಿ ದಿನ, ಗೊತ್ತಾದ ಹತ್ತು ನಿಮಿಷ, ಎಲ್ಲ ಮಕ್ಕಳೂ ಒಟ್ಟಿಗೆ, ದೊಡ್ಡವರೊಬ್ಬರ ಕಣ್ಣೆದುರು, ಫ್ಲೋರೈಡ್ ಇರುವ ಪೇಸ್ಟ್‌ನಿಂದ ಹಲ್ಲುಜ್ಜಲಿ. ಉಳಿದದ್ದೆಲ್ಲ ಇದರ ಮೇಲೆ ಕಟ್ಟುವ ಕೆಲಸ.

ಕಾರಣ ತಿಳಿದಿದ್ದರೆ ಎಲ್ಲಿ ರಾಜಿ ಮಾಡಿಕೊಳ್ಳಬಹುದು, ಎಲ್ಲಿ ಕೂಡದು ಎಂಬುದು ತಾನಾಗಿ ಗೊತ್ತಾಗುತ್ತದೆ. ಹುಳುಕು ಎಂಬ ಹೆಸರಲ್ಲಿ ಹುಳ ಇದ್ದರೂ ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹಲ್ಲಿನ ಮೇಲೆ ಅಂಟಿಕೊಳ್ಳುವ ಬಿಳಿ ಪದರದಲ್ಲಿ, ಅಂದರೆ ಪ್ಲೇಕ್‌ನಲ್ಲಿ, ಬ್ಯಾಕ್ಟೀರಿಯಾಗಳಿರುತ್ತವೆ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಬಿಡುತ್ತವೆ. ಆಮ್ಲತೆಯ ಅಳತೆ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್‌ನಿಂದ ಸುಣ್ಣದಂಶ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆ ಬಿಡುವಿನಲ್ಲಿ ಕರಗಿದ ಸುಣ್ಣದಂಶ ಮತ್ತೆ ಕೂಡಿಕೊಳ್ಳುತ್ತದೆ. ಕರಗುವುದೂ ಕೂಡುವುದೂ ದಿನವಿಡೀ ನಡೆಯುತ್ತಲೇ ಇರುತ್ತದೆ. ಯಾವುದು ಗೆಲ್ಲುತ್ತದೆ ಎಂಬುದರ ಮೇಲೆ ಹಲ್ಲಿನ ಹಣೆಬರಹ. ಜೊಲ್ಲಿನಲ್ಲಿ ಒಂದಿಷ್ಟು ಫ್ಲೋರೈಡ್ ಇದ್ದರೆ ಕೂಡುವ ಕೆಲಸ ಚುರುಕಾಗುತ್ತದೆ, ಹೊಸದಾಗಿ ಕೂಡಿದ ಪದರ ಹಳೆಯದಕ್ಕಿಂತ ಆಮ್ಲವನ್ನು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಕೊಡುವ ದೊಡ್ಡ ಪ್ರಮಾಣಕ್ಕಿಂತ ದಿನವೂ ಕೊಡುವ ಚಿಕ್ಕ ಪ್ರಮಾಣವೇ ಮುಖ್ಯ.

ಬಡ ಮನೆಯ ಮಕ್ಕಳಲ್ಲಿ ಹುಳುಕು ಹೆಚ್ಚಿರುವುದು ತಾಯಂದಿರ ಅಜ್ಞಾನದಿಂದ ಎಂದು ಹೇಳುವವರು ಬಹಳ. ಅದು ಅನ್ಯಾಯದ ಮಾತು. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವವರಿಗೆ ಮಗುವಿನ ಪಕ್ಕ ನಿಂತು ಹಲ್ಲುಜ್ಜಿಸುವ ಹೊತ್ತು ಎಲ್ಲಿಂದ ಬರಬೇಕು? ನಾಲ್ಕು ಮಕ್ಕಳಿಗೆ ಒಂದೇ ಬ್ರಷ್ ಇರುತ್ತದೆ, ಪೇಸ್ಟ್ ತಿಂಗಳ ಮಧ್ಯದಲ್ಲೇ ಮುಗಿಯುತ್ತದೆ. ಹಸಿದ ಮಗುವನ್ನು ಸುಮ್ಮನಾಗಿಸಲು ಕಡಿಮೆ ಕಾಸಿಗೆ ಸಿಗುವುದು ಸಕ್ಕರೆಯೇ. ನೋವು ತಡೆಯಲಾಗದ ಹೊತ್ತಿನವರೆಗೆ ವೈದ್ಯರ ಬಳಿ ಹೋಗಲೂ ಆಗುವುದಿಲ್ಲ, ಏಕೆಂದರೆ ಹೋದ ದಿನದ ಕೂಲಿ ಹೋಯಿತು. ಮನೆಯಿಂದ ಆಗದ ಕೆಲಸವನ್ನು ಶಾಲೆ ಹೊತ್ತುಕೊಳ್ಳಬೇಕು ಎನ್ನುವುದು ಇದಕ್ಕೇ. ಸ್ಕಾಟ್ಲೆಂಡಿನ ಚೈಲ್ಡ್‌ಸ್ಮೈಲ್ ಕಾರ್ಯಕ್ರಮ ಹೀಗೇ ಕೆಲಸ ಮಾಡಿದೆ: ಶಿಶುವಿಹಾರಗಳಲ್ಲಿ ದಿನವೂ ಹಲ್ಲುಜ್ಜಿಸುವುದು, ಹೆಚ್ಚು ಬಡತನವಿರುವ ಪ್ರದೇಶಗಳ ಪ್ರಾಥಮಿಕ ಶಾಲೆಗಳಲ್ಲಿ ಅದನ್ನೇ ಮುಂದುವರಿಸುವುದು. ಅಲ್ಲಿ ಚಿಕ್ಕ ಮಕ್ಕಳ ಹುಳುಕು ಕಡಿಮೆಯಾಯಿತು, ಕಡುಬಡ ಪ್ರದೇಶಗಳಲ್ಲೂ ಇಳಿಯಿತು. ಫಿಲಿಪ್ಪೀನ್ಸ್‌ನ ಸರ್ಕಾರಿ ಪ್ರಾಥಮಿಕ ಶಾಲೆಗಳ ‘ಫಿಟ್ ಫಾರ್ ಸ್ಕೂಲ್’ ಕಾರ್ಯಕ್ರಮ ಸಾಬೂನಿನಿಂದ ಕೈತೊಳೆಯುವುದು, ಹಲ್ಲುಜ್ಜುವುದು, ಜಂತುಹುಳದ ಮಾತ್ರೆ ಈ ಮೂರನ್ನೂ ಒಂದೇ ಕಟ್ಟಿಗೆ ಸೇರಿಸಿತು. ಎರಡೂ ಕಡೆ ದಿನನಿತ್ಯ ಮಕ್ಕಳನ್ನು ನೋಡಿಕೊಂಡವರು ಶಿಕ್ಷಕರು ಮತ್ತು ಸಿಬ್ಬಂದಿ, ದಂತವೈದ್ಯರಲ್ಲ.

ಈಗ ಸಾಮಾನಿನ ಲೆಕ್ಕ. ಪೇಸ್ಟ್ ಕೊಳ್ಳುವಾಗ ಮುಂಭಾಗದ ಹೊಳಪಿನ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ‘ಸೋಡಿಯಂ ಫ್ಲೋರೈಡ್’ ಅಥವಾ ‘ಸೋಡಿಯಂ ಮೊನೊಫ್ಲೋರೋಫಾಸ್ಫೇಟ್’ ಎಂದು ಬರೆದಿರಬೇಕು, ಫ್ಲೋರೈಡ್ ಪ್ರಮಾಣ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಒಳಗಿರಬೇಕು. ಮಕ್ಕಳದ್ದೆಂದು ಮಾರುವ ಕೆಲವು ಪೇಸ್ಟ್‌ಗಳಲ್ಲಿ 500 ಪಿಪಿಎಂ ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಅಷ್ಟರಿಂದ ಹುಳುಕು ತಡೆಯುವ ಭರವಸೆಯಿಲ್ಲ. ಗಿಡಮೂಲಿಕೆಯದ್ದೆಂದು ಹೇಳುವ ಹಲವು ಪೇಸ್ಟ್ ಮತ್ತು ಪುಡಿಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಬಾಯಿಗೆ ಹಿತವೆನಿಸಬಹುದು, ಹುಳುಕು ತಡೆಯುವ ಕೆಲಸ ಮಾತ್ರ ಆಗದು. ಅಗ್ಗವೆಂದು ಹಳೆಯ ದಾಸ್ತಾನನ್ನು ಒಟ್ಟಿಗೆ ಕೊಳ್ಳಬೇಡಿ. ಸುಣ್ಣದ ಪುಡಿ ಬೆರೆತ ಅಗ್ಗದ ಪೇಸ್ಟ್‌ಗಳಲ್ಲಿ, ಅದರಲ್ಲೂ ಬಿಸಿಲಿಗೆ ಕಾದ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದರೆ, ಫ್ಲೋರೈಡ್ ಸುಣ್ಣಕ್ಕೆ ಕಟ್ಟಿಕೊಂಡು ಹಲ್ಲಿಗೆ ಸಿಗದಂತಾಗುತ್ತದೆ. ತಯಾರಾದ ದಿನಾಂಕ ನೋಡಿ ಹೊಸದನ್ನೇ ತನ್ನಿ, ತಂಪಾದ ಕಡೆ ಇಡಿ.

ಒಂದು ಮಗುವಿಗೆ ಒಂದು ಸಲಕ್ಕೆ ಬಟಾಣಿ ಕಾಳಿನಷ್ಟು, ಅಂದರೆ ಸುಮಾರು 0.25 ಗ್ರಾಂ ಸಾಕು. ಮೂರು ವರ್ಷದೊಳಗಿನ ತಂಗಿ ತಮ್ಮಂದಿರಿಗಾದರೆ ಅಕ್ಕಿಕಾಳಿನಷ್ಟೇ. ಜಾಹೀರಾತಿನಲ್ಲಿ ಬ್ರಷ್‌ನ ಉದ್ದಕ್ಕೂ ಪೇಸ್ಟ್ ಹಾವಿನಂತೆ ಮಲಗಿರುವುದು ವ್ಯಾಪಾರಕ್ಕಾಗಿ. 200 ಮಕ್ಕಳಿಗೆ ದಿನಕ್ಕೆ 50 ಗ್ರಾಂ; ವರ್ಷಕ್ಕೆ 200 ಶಾಲಾ ದಿನಗಳೆಂದರೆ 10 ಕಿಲೋ. 100 ಗ್ರಾಂನ ಟ್ಯೂಬ್ ಆದರೆ 100 ಬೇಕು. ಚೆಲ್ಲುವುದು, ಟ್ಯೂಬಿನೊಳಗೆ ಉಳಿಯುವುದು ಸೇರಿಸಿ 120 ಎಂದಿಟ್ಟುಕೊಳ್ಳಿ. ಬ್ರಷ್ ತಲೆ ಚಿಕ್ಕದಿರಲಿ, ಎಳೆ ಮೆತ್ತಗಿರಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು, ಎಳೆಗಳು ಹೊರಕ್ಕೆ ಬಾಗಿದ್ದರೆ ಅದಕ್ಕೂ ಮೊದಲೇ. ವರ್ಷಕ್ಕೆ ಮಗುವಿಗೆ ಮೂರರಂತೆ 600, ಕಳೆದುಹೋಗುವುದಕ್ಕೆ ಮತ್ತು ಹೊಸದಾಗಿ ಸೇರುವವರಿಗೆ ಇನ್ನೊಂದು 60. ದಾನಿಗಳ ಬಳಿ ಹೋಗುವಾಗ ‘ಹಲ್ಲಿನ ಆರೋಗ್ಯಕ್ಕೆ ನೆರವು ಕೊಡಿ’ ಎನ್ನುವುದಕ್ಕಿಂತ ಈ ಲೆಕ್ಕವನ್ನೇ ಮುಂದಿಡಿ. ಇಡೀ ವರ್ಷದ ಸಾಮಾನು ಕೈಗೆ ಬರುವ ಮುನ್ನ ಶುರು ಮಾಡಬೇಡಿ. ಇಂಥ ಕಾರ್ಯಕ್ರಮಗಳು ಹೆಚ್ಚಾಗಿ ನಿಲ್ಲುವುದು ನಡುವಿನಲ್ಲೇ ಪೇಸ್ಟ್ ಖಾಲಿಯಾಗಿ. ಒಮ್ಮೆ ನಿಂತ ಅಭ್ಯಾಸವನ್ನು ಮತ್ತೆ ಹಿಡಿಸುವುದು ಹೊಸದಾಗಿ ಶುರು ಮಾಡುವುದಕ್ಕಿಂತ ಕಷ್ಟ.

ಪೇಸ್ಟ್ ಟ್ಯೂಬ್ ಮಕ್ಕಳ ಕೈಗೆ ಸಿಗಬಾರದು, ಬೀಗವಿರುವ ಕಪಾಟಿನಲ್ಲಿರಲಿ. ಬಟಾಣಿಯಷ್ಟು ಪೇಸ್ಟ್‌ನಲ್ಲಿರುವುದು ಸುಮಾರು ಕಾಲು ಮಿಲಿಗ್ರಾಂ ಫ್ಲೋರೈಡ್; ನುಂಗಿದರೂ ಚಿಂತೆಯಿಲ್ಲ. ಆದರೆ 1000 ಪಿಪಿಎಂನ 100 ಗ್ರಾಂ ಟ್ಯೂಬ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ದೇಹದ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಒಳಗೆ ಹೋದರೆ ಅಪಾಯವೆಂದು ಪರಿಗಣಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. 20 ಕಿಲೋ ತೂಗುವ ಮಗುವಿಗೆ ಆ ಅಳತೆ ಸರಿಯಾಗಿ ಒಂದು ಟ್ಯೂಬ್. ಹಸಿದ ಮಗು ಸಿಹಿ ರುಚಿಯ ಪೇಸ್ಟ್ ತಿನ್ನುವುದು ಅಪರೂಪವೇನಲ್ಲ. ಹಾಗಾದರೆ ವಾಂತಿ ಮಾಡಿಸಲು ಹೋಗದೆ ಹಾಲು ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊತ್ತು ಯಾವುದು? ಬೆಳಗ್ಗೆ ಬಂದ ಕೂಡಲೇ ಆಗಬಹುದು, ಮಧ್ಯಾಹ್ನದ ಊಟದ ನಂತರವೂ ಆಗಬಹುದು. ಯಾವ ಹೊತ್ತು ನಿಮ್ಮಲ್ಲಿ ತಪ್ಪುವುದಿಲ್ಲವೋ ಅದೇ ಸರಿಯಾದ ಹೊತ್ತು. ಊಟದ ನಂತರ ಹೇಗೂ ಕೈತೊಳೆಯಲು ಸಾಲು ನಿಲ್ಲುತ್ತಾರೆ, ಅದಕ್ಕೇ ಇದನ್ನು ಜೋಡಿಸಿದರೆ ಹಗುರ. ಆದರೆ ಮಧ್ಯಾಹ್ನವೇ ಶಿಕ್ಷಕರಿಗೆ ಸಭೆ, ಲೆಕ್ಕಪತ್ರ ಎಂದು ಕೆಲಸ ಬೀಳುವ ಶಾಲೆಯಾದರೆ ಬೆಳಗಿನ ಮೊದಲ ಅವಧಿಯೇ ಒಳ್ಳೆಯದು. ವೇಳಾಪಟ್ಟಿಯಲ್ಲಿ ಗಣಿತ, ಕನ್ನಡದಂತೆ ಅದನ್ನೂ ಬರೆದು ಹಾಕಿ. ಪರೀಕ್ಷೆಯ ದಿನವೂ ಬಿಡಬೇಡಿ.

ಕ್ರಮ ಹೀಗಿರಲಿ. ಶಿಕ್ಷಕರು ಕೈತೊಳೆದುಕೊಂಡು, ಸ್ವಚ್ಛವಾದ ತಟ್ಟೆ ಅಥವಾ ಕಾಗದದ ಮೇಲೆ ಎರಡು ಬೆರಳಿನ ಅಂತರ ಬಿಟ್ಟು ಬಟಾಣಿ ಗಾತ್ರದ ಪೇಸ್ಟ್ ಚುಕ್ಕೆಗಳನ್ನು ಸಾಲಾಗಿ ಇಡಬೇಕು. ಪ್ರತಿ ಮಗುವೂ ತನ್ನ ಬ್ರಷ್‌ನಿಂದ ಒಂದು ಚುಕ್ಕೆಯನ್ನು ಎತ್ತಿಕೊಳ್ಳುತ್ತದೆ. ಟ್ಯೂಬಿನ ಬಾಯಿಯನ್ನು ನೇರವಾಗಿ ಬ್ರಷ್‌ಗೆ ತಾಗಿಸಬಾರದು. ಹಾಗೆ ಮಾಡಿದರೆ ಒಬ್ಬರ ಜೊಲ್ಲು ಸಾಲಿನಲ್ಲಿರುವ ಎಲ್ಲರಿಗೂ ತಲುಪುತ್ತದೆ. ಬ್ರಷ್ ಒದ್ದೆ ಮಾಡುವ ಅಗತ್ಯವಿಲ್ಲ. ಹಲ್ಲು ವಸಡು ಸೇರುವ ಗೆರೆಯ ಮೇಲೆ ಬ್ರಷ್ ಇಟ್ಟು ಸಣ್ಣ ಸಣ್ಣ ಚಲನೆಯಲ್ಲಿ ಉಜ್ಜಬೇಕು: ಮೊದಲು ಹೊರಬದಿ, ಆಮೇಲೆ ಒಳಬದಿ, ಕೊನೆಗೆ ಅಗಿಯುವ ಮೇಲ್ಮೈ. ಎರಡು ನಿಮಿಷ. ಎಣಿಸುವುದು ಬೇಸರವಾದರೆ ಅಷ್ಟು ಹೊತ್ತಿನ ಒಂದು ಪದ್ಯವನ್ನು ಶಿಕ್ಷಕರು ಹೇಳಲಿ. ಮಕ್ಕಳು ಕುಳಿತು ಉಜ್ಜಿದರೆ ಒಳ್ಳೆಯದು. ಬ್ರಷ್ ಬಾಯಲ್ಲಿಟ್ಟುಕೊಂಡು ಓಡಿ ಬಿದ್ದರೆ ಗಂಟಲಿಗೆ ಪೆಟ್ಟಾಗುತ್ತದೆ. ಆಮೇಲೆ ಉಗುಳಬೇಕು, ನೀರು ಹಾಕಿ ಬಾಯಿ ಮುಕ್ಕಳಿಸಬಾರದು. ಎಲ್ಲರಿಗೂ ವಿಚಿತ್ರವಾಗಿ ಕಾಣುವುದು ಇದೇ, ಎಲ್ಲರೂ ತಪ್ಪುವುದೂ ಇಲ್ಲೇ. ಮುಕ್ಕಳಿಸಿದರೆ ಹಾಕಿದ ಫ್ಲೋರೈಡ್ ನೀರಿನ ಜೊತೆ ಹೊರಗೆ ಹೋಯಿತು. ಬಾಯಲ್ಲಿ ಉಳಿಯುವ ಆ ತೆಳುವಾದ ಪೇಸ್ಟೇ ಮುಂದಿನ ಗಂಟೆಗಳಲ್ಲಿ ಕೆಲಸ ಮಾಡುವುದು. ಅರ್ಧ ಗಂಟೆ ಏನೂ ತಿನ್ನದಿದ್ದರೆ ಇನ್ನೂ ಉತ್ತಮ. ಮುಕ್ಕಳಿಸುವುದಿಲ್ಲವಾದ್ದರಿಂದ ನಲ್ಲಿ ಇಲ್ಲದ ತರಗತಿಯಲ್ಲೂ ಇದು ನಡೆಯುತ್ತದೆ: ಕಾಗದದ ತುಂಡಿಗೆ ಉಗುಳಿ ಮುಚ್ಚಳವಿರುವ ಬುಟ್ಟಿಗೆ ಹಾಕಿದರಾಯಿತು.

ಬ್ರಷ್‌ಗಳನ್ನು ಒಂದೊಂದಾಗಿ ಹರಿಯುವ ನೀರಿನಲ್ಲಿ ತೊಳೆದು, ನೀರು ಕೊಡವಿ, ತಲೆ ಮೇಲಾಗಿ ನಿಲ್ಲಿಸಬೇಕು, ಒಂದಕ್ಕೊಂದು ತಾಗಬಾರದು. ರಂಧ್ರ ಕೊರೆದ ಹಲಗೆ ಸಾಕು, ಒಂದು ತರಗತಿಗೆ ಒಂದು. ಧೂಳು, ನೊಣ, ಜಿರಲೆ ಬರದಂತೆ ಮೇಲೊಂದು ಮುಚ್ಚಿಗೆ ಇರಲಿ, ಆದರೆ ಗಾಳಿ ಆಡಬೇಕು. ಎಲ್ಲ ಒದ್ದೆ ಬ್ರಷ್‌ಗಳನ್ನೂ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದು ನಾವು ನೋಡುವ ಅತಿ ಸಾಮಾನ್ಯ ತಪ್ಪು. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಒಬ್ಬರದು ಇನ್ನೊಬ್ಬರದಕ್ಕೆ ಅಂಟುತ್ತದೆ. ಕ್ರಿಮಿನಾಶಕದ ಬಟ್ಟಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಅದ್ದುವುದೂ ಬೇಡ. ಶುಚಿಯ ಹೆಸರಲ್ಲಿ ಅದೂ ಎಲ್ಲರದನ್ನೂ ಬೆರೆಸಿದಂತೆಯೇ. ನೆಲಕ್ಕೆ ಬಿದ್ದದ್ದು, ಬೇರೆ ಮಗು ಬಾಯಿಗಿಟ್ಟದ್ದು ಎಸೆಯಿರಿ. ಹಿಡಿಯ ಮೇಲೆ ಹೆಸರಿನ ಬದಲು ಹಾಜರಿ ಸಂಖ್ಯೆ ಬರೆದು ಪಾರದರ್ಶಕ ಟೇಪ್ ಸುತ್ತಿ. ಬರೀ ಶಾಯಿ ಎರಡು ವಾರಕ್ಕೆ ಅಳಿಸಿಹೋಗಿ, ಆಮೇಲೆ ಯಾರ ಬ್ರಷ್ ಯಾರದೋ ತಿಳಿಯದಂತಾಗುತ್ತದೆ. ಹಲಗೆಯ ರಂಧ್ರದ ಬಳಿಯೂ ಅದೇ ಸಂಖ್ಯೆ ಇರಲಿ. ದೊಡ್ಡ ತರಗತಿಯ ಮಕ್ಕಳು ಚಿಕ್ಕವರಿಗೆ ತೋರಿಸಿಕೊಡಬಹುದು, ಸಾಲು ನೋಡಿಕೊಳ್ಳಬಹುದು. ಇನ್ನೊಬ್ಬರ ಬ್ರಷ್ ಮುಟ್ಟುವ ಕೆಲಸ ಮಾತ್ರ ಅವರಿಗೆ ಬೇಡ. ಹುಳುಕಿರುವ ಮಕ್ಕಳನ್ನಷ್ಟೇ ಕರೆದು ಉಜ್ಜಿಸಬೇಡಿ. ಎಲ್ಲರಿಗೂ ಒಂದೇ ಕ್ರಮವಿದ್ದರೆ ಯಾರಿಗೂ ಅವಮಾನವಿಲ್ಲ. ಕಪ್ಪು ಹಲ್ಲಿಗಾಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ಉದಾಹರಣೆ ತೋರಿಸಿದರೆ ಅದು ಮರುದಿನ ಶಾಲೆಗೇ ಬಾರದಿರಬಹುದು.

ಇನ್ನು ಒಂದು ಹಲ್ಲಿನ ಬಗ್ಗೆ ವಿಶೇಷವಾಗಿ ಹೇಳಬೇಕು, ಶಾಲೆಯವರು ಕಾಪಾಡಲೇಬೇಕಾದ ಹಲ್ಲು ಅದು. ಸುಮಾರು ಆರನೇ ವಯಸ್ಸಿಗೆ, ಹಾಲುಹಲ್ಲುಗಳ ಸಾಲಿನ ಕೊನೆಗೆ, ಯಾವ ಹಲ್ಲೂ ಬೀಳದೆ ನಾಲ್ಕು ಹೊಸ ದವಡೆ ಹಲ್ಲುಗಳು ಬರುತ್ತವೆ. ಹಲ್ಲು ಬಿದ್ದ ಜಾಗದಲ್ಲಿ ಬಾರದ ಕಾರಣ ಮನೆಯವರು ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ, ‘ಹೇಗೂ ಬೀಳುತ್ತದಲ್ಲ’ ಎಂದು ಬಿಡುತ್ತಾರೆ. ಇದು ಬೀಳುವ ಹಲ್ಲಲ್ಲ, ಜೀವನವಿಡೀ ಅಗಿಯಬೇಕಾದ ಹಲ್ಲು. ಇದರ ಮೇಲ್ಮೈಯಲ್ಲಿ ಆಳವಾದ, ಬ್ರಷ್‌ನ ಎಳೆಯೂ ಹೋಗದಷ್ಟು ಕಿರಿದಾದ ಸೀಳುಗಳಿರುತ್ತವೆ. ವಸಡಿನಿಂದ ಪೂರ್ತಿ ಮೇಲೆ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟೂ ದಿನ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿದ್ದು, ಬ್ರಷ್ ಅದರ ಮೇಲಿಂದ ಹಾರಿಹೋಗುತ್ತದೆ. ಶಾಲಾ ಮಕ್ಕಳ ಶಾಶ್ವತ ಹಲ್ಲುಗಳ ಹುಳುಕಿನಲ್ಲಿ ಬಹುಪಾಲು ಈ ಸೀಳುಗಳಲ್ಲೇ ಶುರುವಾಗುತ್ತದೆ. ಮೊದಲ ಮತ್ತು ಎರಡನೇ ತರಗತಿಯ ಮಕ್ಕಳಿಗೆ ಇದೊಂದು ಕೌಶಲ ಕಲಿಸಿ: ಬಾಯಿ ಅರ್ಧ ಮಾತ್ರ ತೆರೆದು, ತುಟಿಯ ಮೂಲೆಯಿಂದ ಬ್ರಷ್ ಅಡ್ಡಲಾಗಿ ಒಳಗಿಟ್ಟು, ಕೊನೆಯ ಹಲ್ಲನ್ನು ಪ್ರತ್ಯೇಕವಾಗಿ ಹತ್ತು ಸಲ ಉಜ್ಜುವುದು. ಏಳೆಂಟು ವರ್ಷದವರೆಗೆ ಕೈ ಹಿಡಿತ ಸಾಲದು, ಮಗು ಉಜ್ಜಿದ ಮೇಲೆ ದೊಡ್ಡವರು ಒಮ್ಮೆ ಉಜ್ಜಿದರೆ ಒಳ್ಳೆಯದು. 12ನೇ ವಯಸ್ಸಿನ ಹೊತ್ತಿಗೆ ಅದರ ಹಿಂದೆ ಎರಡನೇ ದವಡೆ ಹಲ್ಲು ಬರುವಾಗ ಇದೇ ಕಥೆ ಮತ್ತೆ ಶುರು.

ದಂತವೈದ್ಯರ ಭೇಟಿ ವರ್ಷಕ್ಕೆ ಒಂದೆರಡು ದಿನ ಸಿಗುವಂತಿದ್ದರೆ ಆ ದಿನಗಳನ್ನು ಭಾಷಣಕ್ಕೆ ಖರ್ಚು ಮಾಡಬೇಡಿ. ಈ ಮೂರು ಕೆಲಸ ಕೇಳಿ. ಮೊದಲನೆಯದು, ಆರು ವರ್ಷದ ಹಲ್ಲಿನ ಸೀಳು ಮುಚ್ಚುವುದು, ಅಂದರೆ ಸೀಲೆಂಟ್. ರಾಳದ ಸೀಲೆಂಟ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಹಲ್ಲು ಸಂಪೂರ್ಣ ಒಣಗಿರಬೇಕು, ಗಟ್ಟಿಯಾಗಿಸುವ ಬೆಳಕಿನ ಯಂತ್ರ ಬೇಕು. ಅರ್ಧ ಬಂದ ಹಲ್ಲಿಗೆ, ತರಗತಿಯ ಬೆಂಚಿನ ಮೇಲೆ ಮಲಗಿಸಿ ಮಾಡುವಾಗ ಗ್ಲಾಸ್ ಅಯೊನೊಮರ್ ಎಂಬ ದಂತ ಸಿಮೆಂಟ್ ವಾಸಿ. ತೇವವನ್ನು ಸ್ವಲ್ಪ ಸಹಿಸುತ್ತದೆ, ಬೆರಳಿನಿಂದ ಒತ್ತಿ ಹಾಕಬಹುದು, ತಾನೇ ಫ್ಲೋರೈಡ್ ಬಿಡುತ್ತದೆ. ಬೇಗ ಉದುರುತ್ತದೆ ಎಂಬುದು ಅದರ ದೋಷ, ವರ್ಷಕ್ಕೊಮ್ಮೆ ನೋಡಿ ಮತ್ತೆ ಹಾಕಬೇಕು. ಎರಡನೆಯದು ಫ್ಲೋರೈಡ್ ವಾರ್ನಿಷ್. 5% ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ ಇರುವ ಅಂಟುದ್ರವವನ್ನು ವರ್ಷಕ್ಕೆ ಕನಿಷ್ಠ ಎರಡು ಸಲ ಹಲ್ಲಿಗೆ ಸವರುತ್ತಾರೆ; ಒಂದು ಮಗುವಿಗೆ ಒಂದೆರಡು ನಿಮಿಷ ಸಾಕು. ತರಬೇತಾದ ಆರೋಗ್ಯ ಕಾರ್ಯಕರ್ತೆಯರೂ ಇದನ್ನು ಮಾಡಬಲ್ಲರು. ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಹಾಲುಹಲ್ಲಿನ ಹುಳುಕು ಸರಾಸರಿ 37%, ಶಾಶ್ವತ ಹಲ್ಲಿನದು 43% ಇಳಿದಿತ್ತು. ಸವರಿದ ದಿನ ಗಟ್ಟಿ ತಿನಿಸು ಬೇಡ, ಆ ರಾತ್ರಿ ಬ್ರಷ್ ಬೇಡ, ಹಲ್ಲು ಸ್ವಲ್ಪ ಹಳದಿ ಕಂಡರೆ ಗಾಬರಿಯೂ ಬೇಡ ಎಂದು ಮನೆಗೆ ಹೇಳಿ ಕಳಿಸಿ. ಹೆಚ್ಚಿನ ವಾರ್ನಿಷ್‌ಗಳಲ್ಲಿ ಮರದ ರಾಳವಿರುತ್ತದೆ. ಅಂಟುಪಟ್ಟಿಗೆ ಅಲರ್ಜಿಯಾದ ಮಗು, ಉಬ್ಬಸಕ್ಕಾಗಿ ಆಸ್ಪತ್ರೆ ಸೇರಿದ್ದ ಮಗು, ಬಾಯಲ್ಲಿ ಹುಣ್ಣಿರುವ ಮಗು ಯಾರು ಎಂದು ಮೊದಲೇ ಕೇಳಿ ಪಟ್ಟಿ ಮಾಡಿಡಿ.

ಮೂರನೆಯದು ಈಗಾಗಲೇ ಗುಳಿ ಬಿದ್ದ ಹಲ್ಲುಗಳಿಗೆ: ಸಿಲ್ವರ್ ಡೈಅಮೈನ್ ಫ್ಲೋರೈಡ್. ಕೊರೆಯುವುದಿಲ್ಲ, ಚುಚ್ಚುವುದಿಲ್ಲ. ಗುಳಿ ಒಣಗಿಸಿ 38% ದ್ರವದ ಒಂದು ಹನಿಯನ್ನು ಸುಮಾರು ಒಂದು ನಿಮಿಷ ಸವರುತ್ತಾರೆ, ಆರು ತಿಂಗಳಿಗೊಮ್ಮೆ ಮತ್ತೆ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಉಳಿದ ಹಲ್ಲನ್ನು ಗಟ್ಟಿ ಮಾಡುತ್ತದೆ. ಹೆಚ್ಚಿನ ಗುಳಿಗಳು ಅಲ್ಲಿಗೇ ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟ್, ಗ್ಲಾಸ್ ಅಯೊನೊಮರ್ ಮತ್ತು ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದು ಬೆಲೆ ತೆರಬೇಕು: ಹುಳುಕಾದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ತಂದೆತಾಯಿಗೆ ಮೊದಲೇ, ಚಿತ್ರ ತೋರಿಸಿ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ. ಹೇಳದೆ ಹಾಕಿಸಿದರೆ ‘ಶಾಲೆಯವರು ನಮ್ಮ ಮಗುವಿನ ಹಲ್ಲು ಸುಟ್ಟರು’ ಎಂಬ ಮಾತು ಒಂದೇ ದಿನದಲ್ಲಿ ಹಬ್ಬಿ ಇಡೀ ಕೆಲಸ ನಿಂತುಹೋಗುತ್ತದೆ. ಮೊದಲೇ ಹೇಳಿದರೆ ಬಹಳಷ್ಟು ತಾಯಂದಿರು ನೋವಿಗಿಂತ ಕಪ್ಪೇ ಮೇಲು ಎನ್ನುತ್ತಾರೆ. ಬೆಳ್ಳಿಯ ಅಲರ್ಜಿ ಇದ್ದವರಿಗೆ ಇದು ಕೂಡದು; ನರದವರೆಗೆ ತಲುಪಿ ರಾತ್ರಿ ನೋಯುವ, ಕೀವಾದ ಹಲ್ಲಿಗೆ ಇದು ಉಪಯೋಗವಿಲ್ಲ. ಕಪ್ಪು ಎದ್ದು ಕಾಣುವ ಮುಂಭಾಗದ ಶಾಶ್ವತ ಬಾಚಿ ಹಲ್ಲುಗಳಿಗೆ ಬೇರೆ ದಾರಿ ಇದೆಯೇ ಎಂದು ಕೇಳಿ.

ನೀರಿನ ವಿಷಯ ಬಿಟ್ಟರೆ ಉತ್ತರ ಪೂರ್ತಿಯಾಗದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ ‘ಮತ್ತೆ ಫ್ಲೋರೈಡ್ ಏಕೆ’ ಎಂದು ಜನ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಶುರು ಮಾಡುವ ಮೊದಲೇ ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಬದಲಿಸಬೇಕಾದದ್ದು ನೀರನ್ನು, ಏಕೆಂದರೆ ದೇಹಕ್ಕೆ ಸೇರಿ ಹಲ್ಲು ಮತ್ತು ಮೂಳೆ ಕೆಡಿಸುವುದು ನುಂಗಿದ ಫ್ಲೋರೈಡ್. ಬಟಾಣಿಯಷ್ಟು ಹಾಕಿ ಉಗುಳುವ ಪೇಸ್ಟ್ ಹಲ್ಲಿನ ಹೊರಗಿನಿಂದ ಕೆಲಸ ಮಾಡುತ್ತದೆ. ಅಂಥ ಕಡೆ ಪೇಸ್ಟ್ ಮುಂದುವರಿಸುವ ಬಗ್ಗೆ ದಂತವೈದ್ಯರೊಂದಿಗೆ ಮಾತಾಡಿ. ಉಗುಳಲು ಬಾರದ ಪುಟ್ಟ ಮಕ್ಕಳ ವಿಷಯದಲ್ಲಿ ಪ್ರಮಾಣ ಇನ್ನೂ ಕಡಿಮೆ ಮಾಡಿ, ಫ್ಲೋರೈಡ್ ಮಾತ್ರೆಗಳ ಗೊಡವೆ ಬೇಡ. ಹೆಚ್ಚು ಫ್ಲೋರೈಡ್‌ನ ಕಲೆ ಮತ್ತು ಹುಳುಕು ಎರಡನ್ನೂ ಬೇರ್ಪಡಿಸಿ ನೋಡಲು ಶಿಕ್ಷಕರು ಕಲಿಯಬಹುದು. ಫ್ಲೋರೈಡ್ ಕಲೆ ಎಡ ಬಲ ಎರಡೂ ಬದಿಯ ಅದೇ ಹಲ್ಲುಗಳಲ್ಲಿ ಒಂದೇ ರೀತಿ ಕಾಣುತ್ತದೆ, ಅಡ್ಡ ಗೆರೆಯಂತೆ ಬಿಳಿ ಅಥವಾ ಕಂದು. ಹುಳುಕು ಹಾಗೆ ಜೋಡಿ ನೋಡುವುದಿಲ್ಲ. ವಸಡಿನ ಅಂಚಿನಲ್ಲಿ, ಸೀಳಿನಲ್ಲಿ, ಎರಡು ಹಲ್ಲಿನ ನಡುವೆ ಬರುತ್ತದೆ. ಮೇಲಿನ ತುಟಿ ಎತ್ತಿ ನೋಡಿದಾಗ ವಸಡಿನ ಗುಂಟ ಸುಣ್ಣದಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಇಲ್ಲಿಂದ ಹಲ್ಲನ್ನು ಹಿಂದಕ್ಕೆ ತರಬಹುದು. ಗುಳಿ ಬಿದ್ದ ಮೇಲೆ ಆಗದು.

ಸಕ್ಕರೆಯ ಬಗ್ಗೆ ಮನೆಗಳಿಗೆ ಉಪದೇಶ ಮಾಡುವ ಮುನ್ನ ಶಾಲೆಯ ಒಳಗೆ ನೋಡಿ. ಸರಿಯುತ್ತರ ಕೊಟ್ಟವರಿಗೆ ಚಾಕೊಲೇಟ್, ಸಮಾರಂಭಕ್ಕೆ ಸಿಹಿ ಪಾನೀಯ, ಗೇಟಿನ ಹೊರಗೆ ಮಿಠಾಯಿ ಡಬ್ಬಿ. ಎಷ್ಟು ತಿಂದರು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು, ಎಷ್ಟು ಹೊತ್ತು ಬಾಯಲ್ಲಿತ್ತು ಎನ್ನುವುದೇ ಹಲ್ಲಿಗೆ ಹೆಚ್ಚು ಲೆಕ್ಕ. 1945ರಿಂದ ಸ್ವೀಡನ್ನಿನ ವಿಪೆಹೋಮ್ ಸಂಸ್ಥೆಯಲ್ಲಿ ನಡೆದ ಅಧ್ಯಯನದಲ್ಲಿ ಊಟದ ಜೊತೆಗಿನ ಸಕ್ಕರೆಗಿಂತ ಊಟಗಳ ನಡುವೆ ತಿಂದ ಅಂಟುವ ಮಿಠಾಯಿಯೇ ಹಲ್ಲನ್ನು ಬಹಳ ಕೆಡಿಸಿದ್ದು ಕಂಡಿತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ, ಬುದ್ಧಿಮಾಂದ್ಯವಿದ್ದ ನಿವಾಸಿಗಳ ಮೇಲೆ ಅದನ್ನು ಮಾಡಿದ್ದು ಘೋರ ತಪ್ಪು. ಇಂದು ಯಾರೂ ಹಾಗೆ ಮಾಡುವಂತಿಲ್ಲ. ಅಲ್ಲಿಂದ ತಿಳಿದದ್ದನ್ನು ನಿಯಮವಾಗಿ ಇಡುವುದಾದರೆ ಇಷ್ಟು: ಎರಡು ಊಟಗಳ ನಡುವೆ ಶಾಲೆಯ ಆವರಣದಲ್ಲಿ ಕುಡಿಯಲು ನೀರು ಮಾತ್ರ, ಬಹುಮಾನಕ್ಕೆ ಪೆನ್ಸಿಲ್. ಸಿಹಿ ಕೊಡಲೇಬೇಕಾದ ದಿನ ಊಟದ ಜೊತೆಗೇ ಕೊಡಿ. ಎಲ್ಲ ಸಿಹಿಯನ್ನೂ ನಿಷೇಧಿಸಿ ಮಕ್ಕಳ ಚೀಲ ಜಾಲಾಡುವ ಶಾಲೆಗಳಿವೆ, ಅದರಿಂದ ಮಕ್ಕಳು ಬಚ್ಚಿಟ್ಟು ತಿನ್ನುವುದನ್ನು ಕಲಿಯುತ್ತಾರೆ.

ಶಾಲೆಯ 200 ದಿನ ಕಳೆದರೆ ಉಳಿದ 165 ದಿನ ಮನೆಯದು, ಎಲ್ಲ ರಾತ್ರಿಗಳೂ ಮನೆಯವು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಮಲಗುವ ಮುಂಚಿನ ಉಜ್ಜುವಿಕೆಗೆ ಬೆಲೆ ಹೆಚ್ಚು. ಹಣ ಹೊಂದಿದರೆ ಮಗುವಿಗೆ ಎರಡು ಬ್ರಷ್ ಇರಲಿ, ಒಂದು ಶಾಲೆಯಲ್ಲಿ, ಒಂದು ಮನೆಯಲ್ಲಿ. ದೀರ್ಘ ರಜೆಯ ಹಿಂದಿನ ದಿನ ಬ್ರಷ್ ಮತ್ತು ಒಂದು ಟ್ಯೂಬ್ ಮನೆಗೆ ಕೊಡಿ. ಟ್ಯೂಬನ್ನು ಮಗುವಿನ ಕೈಗಲ್ಲ, ದೊಡ್ಡವರ ಕೈಗೆ ಕೊಡಿ. ಅದನ್ನು ಮನೆಯವರೆಲ್ಲ ಬಳಸುತ್ತಾರೆ. ಬಳಸಲಿ, ಚಿಕ್ಕ ತಮ್ಮನ ಹಲ್ಲೂ ಉಳಿಯಿತು.

ಈಗಾಗಲೇ ನೋಯುತ್ತಿರುವ ಮಕ್ಕಳಿಗೆ ಪೇಸ್ಟ್ ಪರಿಹಾರವಲ್ಲ, ಅವರು ಕಾಯುವಂತಿಲ್ಲ. ಪ್ರತಿ ತರಗತಿಯ ಶಿಕ್ಷಕರು ತಿಂಗಳಿಗೊಮ್ಮೆ, ಗುಂಪಿನಲ್ಲಲ್ಲದೆ ಪಕ್ಕಕ್ಕೆ ಕರೆದು, ಮೂರು ಪ್ರಶ್ನೆ ಕೇಳಲಿ: ಹಲ್ಲು ನೋವಿಗೆ ರಾತ್ರಿ ಎಚ್ಚರವಾಗುತ್ತದೆಯೇ? ಒಂದೇ ಬದಿಯಲ್ಲಿ ಅಗಿಯುತ್ತೀಯಾ? ವಸಡಿನ ಮೇಲೆ ಗುಳ್ಳೆ ಇದೆಯೇ? ಒಂದಕ್ಕೆ ಹೌದು ಎಂದರೂ ಆ ಮಗುವಿಗೆ ಕೆಲವೇ ದಿನಗಳಲ್ಲಿ ಚಿಕಿತ್ಸೆ ಬೇಕು. ಕೆನ್ನೆ ಊದಿಕೊಂಡಿದ್ದರೆ ಅದೇ ದಿನ. ಊತದ ಜೊತೆ ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಕಷ್ಟ, ಕಣ್ಣು ಅಥವಾ ಗದ್ದದ ಕೆಳಗಿನವರೆಗೆ ಊತ ಹಬ್ಬಿರುವುದು ಇದ್ದರೆ ದಂತವೈದ್ಯರನ್ನು ಹುಡುಕುತ್ತಾ ಕೂರದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಹಲ್ಲಿನ ಸೋಂಕು ಉಸಿರಿನ ದಾರಿ ಒತ್ತಿದರೆ ಪ್ರಾಣಕ್ಕೇ ಅಪಾಯ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಡುವುದು ಕೆಲವು ಕಡೆ ಇದೆ, ಅದು ವಸಡನ್ನು ಸುಡುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೂಬಾರದು. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ನೋವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ರೋಗವನ್ನಲ್ಲ. ಹಾಲುಹಲ್ಲಿನ ಹಿಂದಿನ ದವಡೆಗಳು 10–12 ವರ್ಷದವರೆಗೂ ಬಾಯಲ್ಲಿರಬೇಕು, ಆದ್ದರಿಂದ ‘ಬೀಳುವ ಹಲ್ಲಿಗೆ ಚಿಕಿತ್ಸೆ ಏಕೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಮಗು ಅಲ್ಲಿಯವರೆಗೆ ನಾಲ್ಕೈದು ವರ್ಷ ನೋವಿನಲ್ಲೇ ತಿನ್ನಬೇಕಾಗುತ್ತದೆ, ನೋವಿನಲ್ಲೇ ಮಲಗಬೇಕಾಗುತ್ತದೆ.

ಆರು ತಿಂಗಳಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಬೇಡಿ. ಈಗಿರುವ ಗುಳಿಗಳು ಹಾಗೇ ಇರುತ್ತವೆ, ಹೊಸದು ಹುಟ್ಟದಿರುವುದು ಕಣ್ಣಿಗೆ ಕಾಣುವುದಿಲ್ಲ. ಅಳೆಯಲು ಒಂದು ಸರಳ ದಾರಿ ಇದೆ. ಮುಂದಿನ ಸಲ ದಂತವೈದ್ಯರು ಬಂದಾಗ ಈಗಿನ ಮೂರನೇ ತರಗತಿಯ ಮಕ್ಕಳ ಬಾಯಲ್ಲಿ ಆರು ವರ್ಷದ ಹಲ್ಲು ನಾಲ್ಕಕ್ಕೆ ಎಷ್ಟು ಚೆನ್ನಾಗಿವೆ ಎಂದು ಬರೆದುಕೊಳ್ಳಿ. ಈ ವರ್ಷ ಒಂದನೇ ತರಗತಿಗೆ ಬಂದವರು ದಿನವೂ ಉಜ್ಜುತ್ತಾ ಮೂರನೇ ತರಗತಿ ತಲುಪಿದಾಗ ಅದೇ ಲೆಕ್ಕ ಮತ್ತೆ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಜೊತೆಗೆ ಹಾಜರಿ ಪುಸ್ತಕದಲ್ಲಿ ಹಲ್ಲುನೋವಿಗೆ ತಪ್ಪಿದ ದಿನಗಳಿಗೆ ಒಂದು ಬೇರೆ ಗುರುತು ಹಾಕಲು ಇಂದಿನಿಂದಲೇ ಶುರು ಮಾಡಿ.